ಚೆನ್ನಾಗಿದ್ದೇನೆ ಎಂದು ಬರೆಸಿಕೊಂಡವರಿಗೆ

ನೌಕರರ ಮನಃಸ್ವಾಸ್ಥ್ಯ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಫೋನ್ ಎತ್ತುತ್ತಿದ್ದ ನನ್ನ ತಂಗಿಯನ್ನು ನಿಮ್ಮ ಪ್ರಶ್ನಾವಳಿ ಮೊದಲು ಸುಖಿ ಎಂದಿತು, ಆಮೇಲೆ ಸುಳ್ಳುಗಾತಿ ಎಂದಿತು. ನಡುವೆ ಅವಳ ಕೆಲಸ ಹೋಯಿತು. ಅಳತೆಗೋಲು ನಿಮ್ಮದು, ಪೆಟ್ಟು ಅವಳಿಗೆ.

ಇಂಥ ಪ್ರಶ್ನೆಗಳನ್ನು ರೂಪಿಸಿದ ವಿದ್ವಾಂಸರ ಮೇಲೆ ನನಗೆ ಸಿಟ್ಟಿಲ್ಲ. ಉತ್ತರಿಸುವವರಿಗೆ ಭಯವಿರಬಾರದು, ಹೆಸರು ಕೇಳಬಾರದು ಎಂದು ಅವರೇ ಬರೆದಿದ್ದಾರೆ, ಓದಿದ್ದೇನೆ. ನೀವು ಪ್ರಶ್ನೆಗಳನ್ನಷ್ಟೇ ತಂದು, ಷರತ್ತುಗಳನ್ನು ದಾರಿಯಲ್ಲೇ ಬಿಟ್ಟು ಬಂದಿರಿ. ಆಶ್ಚರ್ಯವೇನಿಲ್ಲ. ಹಿಂದೆ ಇದೇ ಕಚೇರಿ ಗೋಡೆಗೆ ಹೊಡೆದಿದ್ದ ದೂರು ಪೆಟ್ಟಿಗೆಯನ್ನು ವರ್ಷಗಳ ಮೇಲೆ ತೆರೆದಾಗ ಒಳಗೆ ಹಲ್ಲಿ ಮೊಟ್ಟೆಯಿತ್ತು. ‘ದೂರುಗಳಿಲ್ಲ’ ಎಂದು ವರದಿ ಹೋಯಿತು.

ನಿಮ್ಮ ಪ್ರಶ್ನಾವಳಿಗೆ ಉತ್ತರಗಳು ಹೇಗೆ ಹುಟ್ಟುತ್ತವೆ, ಗೊತ್ತೇ? ಒಂದು ಮಗು “ಅಮ್ಮ ಏಳ್ತಾನೇ ಇಲ್ಲ” ಎಂದು ಫೋನ್ ಮಾಡಿತ್ತು. ಗಾಡಿ ತಲುಪುವವರೆಗೂ ತಂಗಿ ಅದರ ಜೊತೆ ಮಾತಾಡುತ್ತಲೇ ಇದ್ದಳು. ಅಮ್ಮ ಏಳಲಿಲ್ಲ. ಫೋನ್ ಇಟ್ಟ ಕೂಡಲೇ ಮೇಲ್ವಿಚಾರಕರು ಅವಳ ಹೆಸರಿದ್ದ ಹಾಳೆ ತಂದಿಟ್ಟರು: ‘ಈಚೆಗೆ ನಿಮ್ಮ ದಿನಗಳು ಉಲ್ಲಾಸದಿಂದ ಕೂಡಿವೆಯೇ?’ ಅವಳು ಪೆನ್ನು ಹಿಡಿದು ಆ ಸಾಲನ್ನೇ ಮತ್ತೆ ಮತ್ತೆ ಓದಿದಳು.

“ಏನಮ್ಮಾ, ಪರೀಕ್ಷೆ ಬರೀತಿದ್ದೀಯಾ? ಎಲ್ಲಾದಕ್ಕೂ ‘ಯಾವಾಗಲೂ’ ಅಂತ ಗೀಚಿ ಕೊಡು, ಇನ್ನೊಂದು ಫೋನ್ ಬಡ್ಕೋತಿದೆ,” ಎಂದರು ಅವರು.

ಪಕ್ಕದ ಕುರ್ಚಿಯವಳು ಪಿಸುಗುಟ್ಟಿದಳು: “ಅಕ್ಕಾ, ನಿಜ ಬರೆದುಬಿಟ್ಟೀಯ, ಹುಷಾರು! ನಮ್ಮ ಪಾಳಿಯ ಡುಮ್ಮಣ್ಣ ಹೋದ ಸಲ ರಾತ್ರಿ ನಿದ್ದೆ ಬರಲ್ಲ ಅಂತ ಬರೆದ. ಸಂಬಳ ಇಲ್ದೆ ರೆಸ್ಟ್ ಕೊಟ್ಟರು. ಈಗ ಹಗಲೂ ಬರಲ್ವಂತೆ!”

ತಂಗಿ ‘ಯಾವಾಗಲೂ’ ಎಂದು ಗುರುತು ಹಾಕಿದಳು. ಕೇಂದ್ರದ ಸಂತೋಷದ ಅಂಕ ಏರಿತು. ನಿಮಗೆ ಪ್ರಶಂಸಾಪತ್ರ ಬಂತು.

ಕೆಲ ತಿಂಗಳ ಮೇಲೆ, ಇನ್ನು ಆ ಕರೆಗಳನ್ನು ಕೇಳಲಾರೆ, ಉಗ್ರಾಣಕ್ಕೆ ವರ್ಗ ಮಾಡಿ ಎಂದು ಬೇಡಿಕೊಂಡಳು. ನೀವು ಅದೇ ಹಾಳೆಯನ್ನು ಮುಖಕ್ಕೆ ಹಿಡಿದಿರಿ: “ಇಷ್ಟೊಂದು ಉಲ್ಲಾಸ ಇಟ್ಕೊಂಡು ವರ್ಗ ಯಾಕಮ್ಮಾ?” ಮುಂದಿನ ಸುತ್ತಿನಲ್ಲಿ ಅವಳು ನಿಜ ಬರೆದಳು. ಫೋನ್ ಎತ್ತಲು ಅನರ್ಹಳೆಂದು ಮನೆಗೆ ಕಳಿಸಿದಿರಿ. ಹಾಗಾದರೆ ಉಗ್ರಾಣದ ಕೆಲಸವನ್ನಾದರೂ ಕೊಡಿ ಎಂದು ಅರ್ಜಿ ಹಾಕಿದರೆ ನಿಮ್ಮಿಂದ ಒಂದೇ ಸಾಲು: ಎರಡು ಸುತ್ತಿನ ಉತ್ತರಗಳು ತಾಳೆಯಾಗದ ಕಾರಣ ಅರ್ಜಿದಾರರ ಹೇಳಿಕೆ ನಂಬಲರ್ಹವಲ್ಲ.

ಭೇಷ್! ನಿನ್ನೆ ಜ್ವರವಿರಲಿಲ್ಲ, ಇವತ್ತು ಇದೆ ಎಂದವನನ್ನು ಥರ್ಮಾಮೀಟರು ಸುಳ್ಳುಗಾರ ಎಂದಂತಾಯಿತು. ನಿಮ್ಮ ಹಿಂದಿನವರು ಜನರನ್ನು ಮುರಿಯಲು ಕೂಗಾಡಬೇಕಿತ್ತು, ಮೇಜು ಗುದ್ದಬೇಕಿತ್ತು. ನೀವು ಕ್ಷೇಮ ವಿಚಾರಿಸಿಯೇ ಮುಗಿಸುತ್ತೀರಿ.

ಬೇಡಿಕೆ ಚಿಕ್ಕದು. ಎರಡೂ ಹಾಳೆಗಳನ್ನು ಹರಿದು ಹಾಕಿ, ಅವಳಿಗೆ ಉಗ್ರಾಣದಲ್ಲಿ ಕೆಲಸ ಕೊಡಿ. ಅಲ್ಲಿರುವುದು ಬ್ಯಾಂಡೇಜಿನ ಸುರುಳಿಗಳು; ಅವು ಅಳುವುದಿಲ್ಲ. ಅನುಮಾನವಿದ್ದರೆ ಮನೆಗೆ ಬನ್ನಿ. ಅವಳೆದುರು ಕೂತು “ಹೇಗಿದ್ದೀಯಮ್ಮಾ?” ಎಂದು ಬಾಯಿಬಿಟ್ಟು ಕೇಳಿ, ಉತ್ತರ ಬರುವವರೆಗೆ ಏಳಬೇಡಿ. ಬರುವ ಮುನ್ನ ಮಾತ್ರ ದಯವಿಟ್ಟು ಫೋನ್ ಮಾಡಬೇಡಿ.

ಇಂತಿ,
ಫೋನ್ ಬಡಿದುಕೊಂಡಾಗಲೆಲ್ಲ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವವಳ ಅಣ್ಣ