ಮೂರು ಜೀವದ ಲಾವಣಿ ಪತ್ರ

ಕೂಡಿದ ಮಹಾಜನರೇ! ಮುಂದಿನ ಸಾಲಿನಲ್ಲಿ ಆಸೀನರಾದ ಬದನಿ ಗಿಡಗಳೇ, ನಡುವೆ ನೆಟ್ಟಗೆ ಕೂತ ಉಳ್ಳಾಗಡ್ಡಿ ಸಭಿಕರೇ, ಹಿಂದೆ ಬೇಲಿಗೆ ಆತು ನಿಂತು ಪುಕ್ಕಟೆ ಆಟ ನೋಡುವ ಮೆಣಸಿನ ಗಿಡಗಳೇ! ಗದ್ದಲ ಮಾಡಬ್ಯಾಡ್ರಿ. ಇವತ್ತಿನ ಆಟದಾಗ ಪಾತ್ರ ಎರಡೇ. ಒಂದು ಸತ್ತೈತಿ. ಇನ್ನೊಂದು ನಿಮ್ಮ ಮುಂದೆ ಬೋರಲು ಹಾಕಿದ ಬಕೀಟಿನ ಮೇಲೆ ಕೂತು ಪತ್ರ ಬರೀಲಿಕ್ಕೆ ಹತ್ತೈತಿ.

ಬಸಣ್ಣ, ನಗಬ್ಯಾಡ. ಪತ್ರಕ್ಕೂ ನಾಂದಿ ಹಾಡವನು ನಾನು, ನಿನಗೆ ಗೊತ್ತು. ನೀ ಹೋಗಿ ಏಳು ತಿಂಗಳಾಯಿತು. ಈ ಏಳು ತಿಂಗಳಲ್ಲಿ ನಿನ್ನ ಮೇಲೆ ಹೊಟ್ಟೆಕಿಚ್ಚು ಪಡದ ದಿನ ಒಂದಾದರೂ ಇದ್ದರೆ ಕೇಳು. ಸತ್ತವರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡ್ತಾರೇನು ಅಂತೀಯಾ? ಪಡ್ತಾರ. ನಿನ್ನ ಮಣ್ಣಿನ ದಿನ ಈ ಪರದೇಶದ ರಿಚ್ಮಂಡ್ ಹಿಲ್ಲಿನ ಆ ಹಾಲಿನಲ್ಲಿ ಕುರ್ಚಿ ಸಾಲದೆ ಮಂದಿ ಗೋಡೆಗುಂಟ ನಿಂತಿದ್ದರು. ಹೊರಗೆ ಹಿಮ, ಬಾಗಿಲಲ್ಲಿ ಒದ್ದೆ ಬೂಟಿನ ಗುಡ್ಡ. ನಿನ್ನ ಬಗ್ಗೆ ನಾಲ್ಕು ಮಾತಾಡಲು ಎದ್ದ ನಾನು ಮೊದಲು ಮಾಡಿದ ಕೆಲಸ ತಲೆ ಎಣಿಸಿದ್ದು. ನನಗೂ ಇಷ್ಟು ಮಂದಿ ಬಂದಾರೇನು ಅಂತ... ಪಕ್ಕದಲ್ಲಿ ಕೂತಿದ್ದ ಮಗಳು ಶಾಂಭವಿ ಅಂಗಿ ಜಗ್ಗಿದಳು. "ಅಪ್ಪಾ, ಆರ್ ಯು ಕೌಂಟಿಂಗ್?"

ತೊಂಬತ್ತೈದನೇ ಇಸವಿಯ ಮೇ ತಿಂಗಳ ಆ ರವಿವಾರ ನೆನಪೈತೇನು? ವಾರಪೂರ್ತಿ ಬರ್ಲಿಂಗ್ಟನ್ನಿನ ರಟ್ಟಿನ ಡಬ್ಬಿ ಫ್ಯಾಕ್ಟರಿಯಲ್ಲಿ ಒಂದೇ ಶಿಫ್ಟಿನಲ್ಲಿ ದುಡಿದು, ಸೂಟಿಯ ದಿನ ನನ್ನ ಹಳೇ ವ್ಯಾನಿನಲ್ಲಿ ಅರೋರಾದ ಆಚೆ ಸುಮ್ಮನೆ ಸುತ್ತಾಡಲು ಹೊರಟಿದ್ದೆವು. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಕೊಡುವ ಬೋರ್ಡನ್ನು ಮೊದಲು ಕಂಡವನು ಯಾರು? ನಾನು! ಗಕ್ಕನೆ ಬ್ರೇಕು ಒತ್ತಿದವನು ಯಾರು? ನಾನು! ಬೇಲಿಯ ಆಚೆ ನಿಂತಿದ್ದ ಹೊಲದ ಯಜಮಾನ ವಾಲ್ಟರ್ ಅಜ್ಜನಿಗೆ ನಮ್ಮೂರ ಕರೀ ಎರಿ ಮಣ್ಣು, ನಮ್ಮಪ್ಪ ಖಳನಾಯಕನಾಗಿದ್ದ ಟೆಂಟಿನ ನಾಟಕ ಕಂಪನಿ, ನಮ್ಮಿಬ್ಬರ ಕಷ್ಟಸಹಿಷ್ಣುತೆ, ಎಲ್ಲವನ್ನೂ ಅರ್ಧ ತಾಸು ಕೈ ಬೀಸಿ ಬೀಸಿ ಇಂಗ್ಲಿಷಿನಲ್ಲಿ ಬಣ್ಣಿಸಿದವನೂ ನಾನೇ. ನೀ ಏನು ಮಾಡಿದಿ? ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಮಣ್ಣು ಎತ್ತಿ, ಹಿಸುಕಿ, ಮೂಸಿ ನೋಡಿದಿ. ಅಷ್ಟೇ. ಅಜ್ಜ ನನ್ನ ಹೆಗಲ ಮೇಲಿಂದ ನಿನ್ನನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ಅವನು ರೈತ. ನೀನು ಯಾರು?" ಅಂದ.

ಹತ್ತು ವರ್ಷವಾಯಿತು ಬಸಣ್ಣ. ಆ ಪ್ರಶ್ನೆಗೆ ನಾನಿನ್ನೂ ಡೈಲಾಗು ಹುಡುಕುತ್ತಿದ್ದೇನೆ.

ಅದೇ ವರ್ಷದ ಕ್ರಿಸ್‌ಮಸ್ಸಿನ ಮುಂಚೆ ಅಜ್ಜ ಲಾವಣಿಯ ಮಾತೆತ್ತಿದ. ಅವನ ಹಿರಿಯರು ಇಂಗ್ಲೆಂಡಿನ ಡೆವನ್ ಸೀಮೆಯವರು. ಜಮೀನ್ದಾರರೂ ಅಲ್ಲ, ಕೂಲಿಯವರೂ ಅಲ್ಲ, ಸ್ವಂತ ನೇಗಿಲು ಎತ್ತು ಇದ್ದ ನಡುಮಟ್ಟದ ಒಕ್ಕಲಿಗರು. ಹೊಲ ಮಾತ್ರ ದೊರೆಯದು. ವರ್ಷಕ್ಕೊಮ್ಮೆ ದೊರೆಯ ಅಡಿಗೆಮನೆಗೆ ಎರಡು ಕೊಬ್ಬಿದ ಕೋಳಿ ಮುಟ್ಟಿಸಬೇಕಿತ್ತಂತೆ. "ನನಗೂ ಅದೇ ಸಾಕು, ಎರಡು ಕೋಳಿ" ಅಂದ ಅಜ್ಜ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನೀ ಕೈ ಮುಗಿದಿ. "ಅಜ್ಜಾ, ಕೋಳಿ ಆಗೂದಿಲ್ಲ. ನಮ್ಮಾಕಿ ಹೋಳಿಗಿ ಮಾಡ್ತಾಳ." ಅಲ್ಲಿಂದ ಪ್ರತಿ ವರ್ಷ ಗಿರಿಜಾ ವೈನಿಯ ಕೈಯ ಒಂದು ಡಜನ್ ಹೋಳಿಗೆಯೇ ಎರಡೆಕರೆಯ ಲಾವಣಿ. ಅಜ್ಜ ತುಪ್ಪದ ಬದಲು ಮೇಪಲ್ ಸಿರಪ್ ಸುರುವಿಕೊಂಡು ತಿನ್ನುತ್ತಿದ್ದ. ಒಂದು ವರ್ಷ ನಿನಗೆ ಜ್ವರ ಬಂತೆಂದು ಡಬ್ಬಿ ನಾನು ಒಯ್ದೆ. ಬಾಗಿಲು ತೆರೆದವನು ಡಬ್ಬಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಬ್ಯಾಸ್ ಎಲ್ಲಿ?" ಅಂದ, ಬಸಣ್ಣ ಅನ್ನಲು ನಾಲಿಗೆ ಹೊರಳದವನು.

ನಮ್ಮ ಮಂದಿ ದೀಪಾವಳಿಗೆ ನಾಟಕ ಹೂಡಿದಾಗಿನದು ಮರೆತಿಲ್ಲ ತಾನೇ? ಬರೆದವನು ನಾನು, ಕಲಿಸಿದವನು ನಾನು, ರಾಜ ನಾನು. ಹನ್ನೊಂದು ಪುಟ ಮಾತು ನನಗೆ. ನಿನಗೆ ಪಾಪ ಅಂತ ದ್ವಾರಪಾಲಕನ ಪಾತ್ರ, ಒಂದೇ ಸಾಲು: "ಪ್ರಭೂ, ಶತ್ರುಗಳು ಕೋಟೆ ಬಾಗಿಲಿಗೆ ಬಂದಿದ್ದಾರೆ!" ನೀ ಓಡಿ ಬಂದಿ, ಈಟಿ ಊರಿ ನಿಂತಿ, ಮರೆತಿ. ನಾನು ಕಣ್ಣಲ್ಲೇ ಸನ್ನೆ ಮಾಡುತ್ತೇನೆ, ಹಾರ್ಮೋನಿಯಂನವ ಒಂದೇ ಸ್ವರ ಎಳೆಯುತ್ತಿದ್ದಾನೆ. ಕಡೆಗೆ ನೀ ಈಟಿಯನ್ನು ನನ್ನ ಕೈಗೆ ಕೊಟ್ಟು, "ನೀವs ಹೋಗಿ ನೋಡಿ ಬರ್ರಿ" ಅಂದು ಒಳಗೆ ನಡೆದಿ. ಎಂಥ ಚಪ್ಪಾಳೆ! ಎಂಥ ಸೀಟಿ! ನನ್ನ ಹನ್ನೊಂದು ಪುಟಕ್ಕೆ ಒಬ್ಬ ಕೆಮ್ಮಲೂ ಇಲ್ಲ. ಆವತ್ತು ನೀ ಬೇಕಂತಲೇ ಮರೆತಿಯೋ, ನಿಜವಾಗಿ ಮರೆತಿಯೋ? ಕೇಳಬೇಕೆಂದು ಎಷ್ಟು ಸಲ ಅಂದುಕೊಂಡೆ, ಆದರೆ...

ತೊಂಬತ್ತೆಂಟರ ಆ ಮಧ್ಯಾಹ್ನಕ್ಕೆ ಈಗ ಬರುತ್ತೇನೆ. ಅಜ್ಜ ನಮ್ಮನ್ನು ತನ್ನ ಅಡಿಗೆಮನೆಯ ಟೇಬಲ್ಲಿಗೆ ಕೂಡಿಸಿದ. "ನನಗೆ ಎಂಬತ್ತು ಹತ್ತಿರ ಬಂತು, ಬಾಯಿಮಾತಿನ ಲಾವಣಿ ಸಾಕು, ಕಾಗದ ಮಾಡೋಣ. ನಮ್ಮ ಹಿರಿಯರ ಪದ್ಧತಿಯಂತೆ, ಮೂರು ಜೀವದ ಮೇಲೆ." ಮೂರು ಹೆಸರು ಬರೆಯುವುದು. ಆ ಮೂವರಲ್ಲಿ ಒಬ್ಬರ ಉಸಿರು ಇರುವ ತನಕ ಹೊಲ ಬಿಡಿಸುವಂತಿಲ್ಲ. ವಕೀಲ ಗೊಣಗಿ, ಇಪ್ಪತ್ತು ವರ್ಷ ದಾಟುವಂತಿಲ್ಲ ಅಂತ ಒಂದು ಸಾಲು ಸೇರಿಸಿದ್ದನಂತೆ. ತನ್ನ ವಂಶದ ಹೊಲ ಹೇಗೆ ಹೋಯಿತು ಅಂತಲೂ ಅಜ್ಜ ಹೇಳಿದ. ಎರಡು ಹೆಸರಿನವರು ತೀರಿಹೋಗಿ, ಹಾಸಿಗೆ ಹಿಡಿದ ಮುದುಕಿಯೊಬ್ಬಳ ಹೆಸರು ಮಾತ್ರ ಉಳಿದಿತ್ತು. ಖಾಲಿಯಾದ ಜಾಗಕ್ಕೆ ನನ್ನ ಮಗನ ಹೆಸರು, ಇಲ್ಲ ನನ್ನ ಮಗನ ಹೆಸರು ಅಂತ ಅಣ್ಣತಮ್ಮಂದಿರು ಸುಗ್ಗಿಯಿಂದ ಸುಗ್ಗಿಯ ತನಕ ಜಗಳಾಡಿದರು. ಮುದುಕಿ ಕಾಯಲಿಲ್ಲ. ದೊರೆಯ ಆಳು ಬಂದು ಸಾವಿನ ಕಾಣಿಕೆಯೆಂದು ಕೊಟ್ಟಿಗೆಯ ಒಳ್ಳೇ ಎತ್ತು ಬಿಚ್ಚಿಕೊಂಡು ಹೋದ, ಹಿಂದೆಯೇ ಹೊಲವೂ ಹೋಯಿತು. "ಇಬ್ಬರ ಮಕ್ಕಳೂ ಒಂದೇ ಹಡಗಿನಲ್ಲಿ ಇಲ್ಲಿಗೆ ಬಂದರು" ಅಂದ ಅಜ್ಜ. ನನ್ನನ್ನೇ ನೋಡಿ ಅಂದ ಅಂತ ಈಗ ಅನಿಸುತ್ತದೆ.

ನನ್ನ ಕಿವಿಗೆ ಅದೆಲ್ಲಿ ಬಿದ್ದೀತು! ಹಾಳೆಯ ಮೇಲೆ ಮೂರು ಗೆರೆ ಖಾಲಿ ಇದ್ದವು, ನನ್ನ ಕಣ್ಣು ಮೇಲಿನ ಗೆರೆಯ ಮೇಲೆ. ನಾನು ನಾಟಕದ ಹ್ಯಾಂಡ್‌ಬಿಲ್ಲಿನ ಮನೆಯಲ್ಲಿ ಹುಟ್ಟಿದವನು ಬಸಣ್ಣ. ಗುಲಾಬಿ ಬಣ್ಣದ ಆ ಹಾಳೆಯಲ್ಲಿ ನಮ್ಮಪ್ಪನ ಹೆಸರು ಜೀವಮಾನವಿಡೀ ಮೂರನೇ ಸಾಲಿನಲ್ಲಿತ್ತು. "ಹೆಸರು ಕೆಳಗ ಇಳೀತಂದ್ರ ಮನಷ್ಯಾನೂ ಇಳದಂಗ" ಅಂತಿದ್ದ. ಅಜ್ಜ ಪೆನ್ನಿನ ತುದಿಯಿಂದ ನಿನ್ನನ್ನು ತೋರಿಸಿ "ಮೊದಲು ಬ್ಯಾಸ್" ಅಂದದ್ದೇ ತಡ, ನಾನು ಕುರ್ಚಿ ಹಿಂದಕ್ಕೆ ಒದ್ದು ಎದ್ದೆ. "ಬೋರ್ಡು ಕಂಡವ ನಾನು! ಎರಡನೇ ಹೆಸರಾಗಿ ಬರೋ ಮನಷ್ಯಾ ಅಲ್ಲ ಈ ಶಂಕರಪ್ಪ!" ನೀ ಅಂಗಿ ಹಿಡಿದಿ. "ಶಂಕ್ರೂ, ಕೂಡೋ. ಇದು ನಾಟಕದ ಬೋರ್ಡಲ್ಲೋ ತಮ್ಮಾ." ಕೊಸರಿಕೊಂಡು ಹೊರಟೆ. ಬಾಗಿಲಲ್ಲಿ ತಿರುಗಿ ಇನ್ನೊಂದು ಮಾತು ಹೇಳಬೇಕಿತ್ತು, ಅದು ಸೊಳ್ಳೆ ಪರದೆಯ ಬಾಗಿಲು, ಮುಖಕ್ಕೇ ಬಡಿಯಿತು.

ಆಮೇಲಿನ ಏಳು ವರ್ಷ ಹೇಗೆ ಕಳೆದೆವು, ನೋಡು. ಅದೇ ಹೊಲ, ಅದೇ ವ್ಯಾನು, ಕಾಗದದ ಸುದ್ದಿ ಇಬ್ಬರೂ ಎತ್ತಲಿಲ್ಲ. ಅದರಲ್ಲಿ ನೀನು, ಅಜ್ಜ, ವೈನಿ, ಈ ಮೂರು ಹೆಸರಿವೆ ಅಂತ ನಾನೇ ತೀರ್ಮಾನಿಸಿಕೊಂಡೆ. ನಿನ್ನ ಉಳ್ಳಾಗಡ್ಡಿ ಸಾಲು ದಾರ ಹಿಡಿದಂತೆ ನೆಟ್ಟಗೆ, ನನ್ನದು ಸೋಗಿನವನ ಮೀಸೆಯಂತೆ ಸೊಟ್ಟ. ನಿನ್ನ ಬದನಿಕಾಯಿ ಕೇಳಿಕೊಂಡು ಮಂದಿ ಮನೆಗೆ ಬರುತ್ತಿದ್ದರು. ಅಜ್ಜ ಸಾಯುವ ಮುಂಚೆ ಕಳೆ ತೆಗೆಯುವ, ತನ್ನ ತಾತನ ಕಾಲದ ಕುರ್ಪಿ ನಿನ್ನ ಕೈಗಿಟ್ಟ. ನನಗೆ? ಕೈ ಕುಲುಕಿ "ಗುಡ್ ವಾಯ್ಸ್" ಅಂದ. ಒಳ್ಳೇ ಧ್ವನಿ! ಧ್ವನಿಯಿಂದ ಕಳೆ ಕೀಳಲಾದೀತೇನು?

ಮೊನ್ನೆ ಮಂಗಳವಾರ ಆ ಗ್ರೆಗ್ ಬಂದಿದ್ದ. ಅಜ್ಜನ ಅಣ್ಣನ ಮಗ, ಈಗ ಆಸ್ತಿಯೆಲ್ಲ ಅವನದೇ. ಸುತ್ತಲಿನ ಹೊಲಗಳಲ್ಲಿ ಮನೆ ಎದ್ದಿವೆ, ಇದನ್ನೂ ಬಿಲ್ಡರಿಗೆ ಕೊಡುವ ಆತುರ ಅವನಿಗೆ. ಗಿರಿಜಾ ವೈನಿಗೆ ಆಗಲೇ ನೋಟಿಸು ಮುಟ್ಟಿತ್ತು: ಇಬ್ಬರು ಸತ್ತಿದ್ದಾರೆ, ಮೂರನೆಯವರು ಜೀವಂತ ಇದ್ದರೆ ಶುಕ್ರವಾರ ಮುಂಜಾನೆ ವಕೀಲರ ಆಫೀಸಿಗೆ ಖುದ್ದು ಬಂದು ತೋರಿಸಬೇಕು, ಬಾರದಿದ್ದರೆ ಹೊಲ ಬಿಡಬೇಕು. ನೀ ಹೋದ ಮೇಲೆ ವೈನಿ ಕೈಗೆ ಉಳಿದದ್ದು ಈ ಎರಡೆಕರೆಯ ಕಾಯಿಪಲ್ಲೆ ಮಾರಾಟವೊಂದೇ, ನಿನಗೆ ಗೊತ್ತಲ್ಲ. ಆದರೆ ಗ್ರೆಗ್ ಬಂದದ್ದು ವೈನಿಯ ಹತ್ತಿರವಲ್ಲ, ನನ್ನ ಹತ್ತಿರ. ಕಾರಿಗೆ ಒರಗಿ, "ನೀವು ಶುಕ್ರವಾರ ಬಿಜಿ ಇದ್ದರೆ ಬರಲೇಬೇಕಂತೇನಿಲ್ಲ. ಆ ಹಳ್ಳದ ಪಕ್ಕದ ತುಂಡು ನಾನು ಮಾರುವುದಿಲ್ಲ. ಅದನ್ನು ನಿಮಗೆ ಲಾವಣಿಗೆ ಕೊಡ್ತೀನಿ, ಹೊಸ ಕಾಗದ, ನಿಮ್ಮದೊಂದೇ ಹೆಸರು" ಅಂದ. ನಾನ್ಯಾಕೆ ಬರಬೇಕು ಅಂತ ಕೇಳಿದೆ. ಅವನು ನಕ್ಕ. "ನಿಮಗೆ ಗೊತ್ತಿಲ್ವಾ? ಮೂರನೇ ಜೀವ ನೀವೇ."

ಬುಧವಾರ ಸಂಜೆ ವೈನಿಯ ಮನೆಗೆ ಹೋದೆ. ಟ್ರಂಕಿನಿಂದ ಕಾಗದ ತೆಗೆದು ಮುಂದಿಟ್ಟರು. ಬಸಣ್ಣ... ಮೇಲಿನ ಗೆರೆಯಲ್ಲಿ ನನ್ನ ಹೆಸರು. ಅದರ ಕೆಳಗೆ ಅಜ್ಜ. ಕಟ್ಟಕಡೆಗೆ ನೀನು.

"ನನ್ನ ಕೇಳದs ಹೆಂಗ ಬರದ್ರಿ ವೈನಿ?"

"ಕೇಳಬೇಕಂತಿಲ್ಲಂತ. ಹೆಸರಿದ್ದವ್ರು ಹೊಲದ ಯಜಮಾನ್ರೂ ಅಲ್ಲಂತ. ಲಾವಣಿ ನಮ್ಮವರದು, ನಿಮ್ಮದು ಬರೇ ಉಸುರು. ಎಲ್ಲಾರಕಿಂತ ಹೆಚ್ಚು ದಿನ ಯಾರು ಬದುಕ್ತಾರ ಅಂತ ಅಜ್ಜ ಕೇಳಿದ್ದಕ್ಕ, 'ಶಂಕ್ರೂನ ಹೆಸರು ಹಾಕು, ಆ ಗಂಟಲು ಲಗೂ ಬಂದ್ ಆಗೂದಿಲ್ಲ' ಅಂದ್ರಂತ."

"ಮ್ಯಾಲಿನ ಗೆರಿಯಾಗ ಯಾಕ?"

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ, ಅಳುತ್ತಿದ್ದರೋ. "ಕೆಳಗ ಹಾಕಿದ್ರ ಅಂವಗ ನಿದ್ದಿ ಹತ್ತೂದಿಲ್ಲ ಅಂದ್ರಂತ. ತೋರಿಸ್ರಿ ಅಂತ ನಾ ಎಷ್ಟೋ ಸಲ ಹೇಳಿದೆ. 'ಅಂವಾ ತಾನs ಕೇಳ್ಲಿ' ಅಂತಿದ್ರು."

ಶುಕ್ರವಾರ ಬಾ ಅಂತ ವೈನಿ ಒಂದು ಮಾತೂ ಕೇಳಲಿಲ್ಲ. ಮಜ್ಜಿಗೆ ಕೊಟ್ಟರು, ಕಾಗದ ಮಡಚಿದರು.

ಮನೆಗೆ ಬಂದು ಏನು ಮಾಡಿದೆ, ಕೇಳು. ಕೃತಜ್ಞತೆಯಿಂದ ಕಣ್ಣೀರು ಹರಿಸಿದೆ ಅಂದುಕೊಂಡೀಯಾ? ಸಿಟ್ಟಿನಿಂದ ಕುದ್ದೆ! ಏಳು ವರ್ಷ ಮೊದಲ ಹೆಸರು ನನ್ನದೇ ಇತ್ತು, ಅದೂ ನೀ ಕೊಟ್ಟ ಭಿಕ್ಷೆ! ಹೊಲ ನಿನ್ನದು, ಬೆಳೆ ನಿನ್ನದು, ಹೋಳಿಗೆಯ ಹೆಸರು ನಿನ್ನದು. ನನಗೆ ಸಾಯದೇ ಇರುವ ಪಾತ್ರ! ಇವತ್ತು ಮಧ್ಯಾಹ್ನದ ತನಕ ಆ ಹಳ್ಳದ ಪಕ್ಕದ ತುಂಡಿನಲ್ಲಿ ಮನಸ್ಸಿನೊಳಗೇ ಮೆಂತ್ಯ ಬಿತ್ತಿದೆ. ಒಂದೇ ಹೆಸರಿನ ಕಾಗದ... ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ. ಸುಳ್ಳು ಹೇಳುವುದಿಲ್ಲ ಬಸಣ್ಣ, ಬಾಯಲ್ಲಿ ನೀರು ಬಂತು. ನಿನ್ನೆ ರಾತ್ರಿಯೇ ಶಾಂಭವಿಗೆ ಎಲ್ಲ ಹೇಳಿದ್ದೆ. ಹದಿಮೂರರ ಪೋರಿ, ಟಿವಿಯಿಂದ ಕಣ್ಣು ಕೀಳದೆ, "ಸೋ ಬಸಣ್ಣ ಅಂಕಲ್ ಬೆಟ್ ಆನ್ ಯು. ಅಂಡ್ ಯು ಆರ್ ಜೆಲಸ್?" ಅಂದಳು.

ಸಂಜೆ ಡ್ಯೂಟಿ ಮುಗಿಸಿ ನೇರ ಇಲ್ಲಿಗೆ ಬಂದೆ. ಈ ವರ್ಷ ನಿನ್ನ ಸಾಲನ್ನೂ ನಾನೇ ನೆಟ್ಟಿದ್ದೇನೆ. ಬಕೀಟಿನ ಮೇಲೆ ಕೂತು ಒಂದು ಕಣ್ಣು ಮುಚ್ಚಿ ನೋಡಿದೆ. ಸೊಟ್ಟ. ಡೆವನ್ನಿನ ಆ ಅಣ್ಣತಮ್ಮಂದಿರೂ ಹೀಗೇ ಹೊಲದ ಬದುವಿನ ಮೇಲೆ ಕೂತು ನನ್ನ ಮಗ, ನನ್ನ ಮಗ ಅಂತ ಹಲ್ಲು ಕಡಿಯುತ್ತಿದ್ದಾಗಲೇ ಅಲ್ಲವೇ ಒಳಗೆ ಮುದುಕಿಯ ಉಸಿರು... ಈಗ ಆ ಮುದುಕಿ ನಾನು!

ಇನ್ನು ಕೇಳು, ನೀ ಕೇಳದೇ ಹೋದ ಸುದ್ದಿ. ನಾಳೆ ಮುಂಜಾನೆ ಎಂಟಕ್ಕೆ ಗಡ್ಡ ಹೆರೆದು, ರಾಜನ ಪಾತ್ರದ ಆ ಜರಿ ಪಟಕಾ ತಲೆಗೆ ಸುತ್ತಿಕೊಂಡು, ವೈನಿಯನ್ನೂ ಅವರ ಹೋಳಿಗೆ ಡಬ್ಬಿಯನ್ನೂ ವ್ಯಾನಿನಲ್ಲಿ ಕೂಡಿಸಿಕೊಂಡು ಯಂಗ್ ಸ್ಟ್ರೀಟು ಹಿಡಿದು ಅರೋರಾಕ್ಕೆ ಹೋಗುತ್ತೇನೆ. ಈ ಹೆಸರಿನ ಮನುಷ್ಯ ಬದುಕಿದ್ದಾನೆಯೇ ಅಂತ ವಕೀಲ ಕೇಳುತ್ತಾನಲ್ಲ, ಆಗ ಹೊಟ್ಟೆಯ ತಳದಿಂದ, ಟೆಂಟಿನ ಕಟ್ಟಕಡೆಯ ಸಾಲಿಗೆ ಮುಟ್ಟುವಂತೆ, "ಇದ್ದಾನೆ!" ಅನ್ನುತ್ತೇನೆ. ಗ್ರೆಗ್ಗನ ಕಾಫಿ ಲೋಟ ಅಲುಗಬೇಕು. ಕಾಗದಕ್ಕೆ ಇನ್ನೂ ಹದಿಮೂರು ವರ್ಷವಿದೆ, ಅಲ್ಲಿಯವರೆಗೆ ಸಾಯುವುದಿಲ್ಲ, ನಿನ್ನ ಮೇಲಿನ ಹಟಕ್ಕೆ ಬಿದ್ದು ಬದುಕುತ್ತೇನೆ. ಆಮೇಲೆ ಸೀದಾ ಇಲ್ಲಿಗೆ ಬಂದು, ಅಜ್ಜನ ಆ ಕುರ್ಪಿಯನ್ನು ವೈನಿಯಿಂದ ಇಸಕೊಂಡು, ಹಗ್ಗ ಕಟ್ಟಿ, ಒಂದು ಹೊಸ ಸಾಲು ಎಳೆಯುತ್ತೇನೆ. ನಿನ್ನದಕ್ಕಿಂತ ನೆಟ್ಟಗಿರುತ್ತದೆ. ನೋಡ್ತಿರು.