ಎರಡು ಕಂಬ ಬಿಟ್ಟ ಜಾಗ

ಕಟಕೋಳ
ಸೋಮವಾರ, 14 ಜುಲೈ 2025

ಪ್ರೀತಿಯ ತಂಗಿ ಮೀನಾಗೆ ಅಕ್ಕ ದೇವಕ್ಕನ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಅಂತ ಬರೆದರೆ ನೀನು ನಂಬುವುದಿಲ್ಲ. ಅದಕ್ಕೇ ಬರೆಯುವುದಿಲ್ಲ.

ನಿನ್ನೆ ಮಧ್ಯಾಹ್ನ ಉಂಡು ಅಡ್ಡಾಗಿದ್ದೆ, ಕೆಟ್ಟ ಕನಸು ಬಿತ್ತು. ನಮ್ಮ ಹೊಲದ ತುಂಬ ಸೋಲಾರ್ ಪ್ಲೇಟುಗಳು ಅಂಗಾತ ಬಿದ್ದಿವೆ, ಪರಾತದ ಹಾಗೆ ನೀರು ತುಂಬಿಕೊಂಡಿವೆ. ನೀನು ಸೀರೆ ಎತ್ತಿ ಕಟ್ಟಿ ಬೊಗಸೆಯಿಂದ ನೀರು ಹೊರಗೆ ಚೆಲ್ಲುತ್ತಿದ್ದೀ. ನಾನೂ ಬರಲೇನು ಅಂದರೆ ನೀನು ತಿರುಗಿಯೂ ನೋಡುವುದಿಲ್ಲ. ಅಷ್ಟರಲ್ಲಿ ಎಚ್ಚರವಾಯಿತು. ನಿನ್ನ ಅಣ್ಣ ಮಹಾಂತಪ್ಪನಿಗೆ ಹೇಳಿದರೆ ನಕ್ಕ. "ಪ್ಲೇಟ್ ಇನ್ನ ಲಾರಿಯಾಗ ಬರಾಕ ಹತ್ತ್ಯಾವ, ನಿನಗ ಆಗಲೇ ಮುಳುಗಿದ್ವೇನಬೇ?" ಅಂದ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಯಜಮಾನರು ಸಂಗಪ್ಪನವರೂ ಎತ್ತುತ್ತಿಲ್ಲ. ಅದಕ್ಕೆ ಈ ಪತ್ರ. ಆರನೇ ಇಯತ್ತೆಗೆ ಸಾಲಿ ಬಿಟ್ಟವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು. ಸಾಲಿ ಬಿಟ್ಟದ್ದು ನಿನ್ನನ್ನು ಎತ್ತಿ ಆಡಿಸಲಿಕ್ಕೆ, ಅವ್ವ ಹಾಸಿಗೆ ಹಿಡಿದಿದ್ದಳಲ್ಲ. ಅದನ್ನು ಎತ್ತಿ ಆಡಬಾರದು ಅಂದುಕೊಂಡೇ ಬರೆಯಲು ಕುಳಿತೆ. ಆಡಿಬಿಟ್ಟೆ, ಇರಲಿ.

ಹೋದ ತಿಂಗಳು ನೀನು ಅಂದ ಮಾತು ಕಿವಿಯಿಂದ ಹೋಗಿಲ್ಲ. "ಅಕ್ಕಾ, ನನ್ನ ಕೂಸಿನ ಮ್ಯಾಲೆ ಕರೆಂಟ್ ತಯಾರ ಮಾಡಾಕ ಹತ್ತೀರೇನು?" ಅಂದು ಫೋನ್ ಇಟ್ಟೆ. ನಾನು ಎಲ್ಲ ಮರೆತೆ ಅಂತ ನೀನು ತಿಳಿದಿದ್ದೀ. ಮರೆತಿಲ್ಲ, ಕೇಳು. ಹದಿನಾಲ್ಕು ವರ್ಷದ ಹಿಂದೆ ನಿನ್ನ ಮೊದಲ ಬಾಣಂತನ ಇದೇ ಮನೆಯಲ್ಲಾಯಿತು. ಮೂರನೇ ದಿನಕ್ಕೆ ಕೂಸು ಹೋಯಿತು. ಅಪ್ಪ ಮತ್ತು ಸಂಗಪ್ಪನವರು ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ಬಂದರು. ಹಸಿ ಮೈಯವಳು ಅಂತ ನಿನ್ನನ್ನು ಒಯ್ಯಲಿಲ್ಲ. ಅಷ್ಟು ಎಳೆಯ ಕೂಸಿಗೆ ಗದ್ದುಗೆ ಕಟ್ಟುವ ರೂಢಿಯಿಲ್ಲ, ಒಂದು ಕಲ್ಲು ಇಟ್ಟರು. ಅಪ್ಪ ತೀರಿಕೊಂಡ ಮೇಲೆ ರಾಮದುರ್ಗದ ಕಚೇರಿಯಲ್ಲಿ ಹೊಲದ ಹಕ್ಕು ಬಿಟ್ಟುಕೊಡುವಾಗ ನೀನು ಕೇಳಿದ್ದೂ ಒಂದೇ. "ನನಗ ಏನೂ ಬ್ಯಾಡ, ಆ ಮೂಲಿಗೆ ಕುಂಟಿ ನೇಗಿಲ ಹಚ್ಚಬ್ಯಾಡ್ರಿ." ಮಾತು ಕೊಟ್ಟವಳು ನಾನೇ.

ಈಗ ನನ್ನ ತಪ್ಪು ಹೇಳುತ್ತೇನೆ.

ಸೋಲಾರ್ ಕಂಪನಿಯವರು ಹೊಲ ಬಾಡಿಗೆಗೆ ಹಿಡಿಯಲು ಬಂದಾಗ, ಬೇಕಾದವರು ಪಾಲು ಹಾಕಬಹುದು ಅಂದರು. ಕರೆಂಟ್ ಮಾರಿದ್ದರಲ್ಲಿ ವರ್ಷ ವರ್ಷ ಲಾಭ ಬರುತ್ತದಂತೆ. ಗಂಡನ ಮನೆ ಬಿಟ್ಟು ಬಂದ ಮೇಲೆ ನನ್ನದು ಅಂತ ಏನಿತ್ತು ಮೀನಾ? ತಮ್ಮನ ಮನೆಯ ಅನ್ನ, ತಮ್ಮನ ಹೆಂಡತಿಯ ಮುಖ. ನಾಲ್ಕು ಬಳೆ ಮಾರಿದೆ, ಹೊಲಿಗೆ ಮಷೀನಿನ ಗಳಿಕೆ ಕೂಡಿಸಿದೆ, ಪಾಲು ಹಾಕಿದೆ. "ಇನ್ನ ಮ್ಯಾಲೆ ಅಕ್ಕಗ ಸೂರ್ಯಾ ಪಗಾರ ಕೊಡತಾನ" ಅಂತ ಮಹಾಂತಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಪಾಲಿನ ಪತ್ರದಲ್ಲಿ ನನ್ನ ಹೆಸರು ಪೂರ್ತಿಯಾಗಿ ಅಚ್ಚಾಗಿದೆ. ಸಾಲಿಯಲ್ಲಿ ಹಾಜರಿ ಕರೆಯುತ್ತಿದ್ದರಲ್ಲ, ಆಮೇಲೆ ಆ ಹೆಸರನ್ನು ಯಾರೂ ಪೂರ್ತಿ ಕರೆದದ್ದಿಲ್ಲ. ಆ ಪತ್ರ ಟ್ರಂಕಿನಲ್ಲಿದೆ, ದಿನಕ್ಕೆರಡು ಸಲ ತೆಗೆದು ನೋಡುತ್ತೇನೆ. ಪ್ಲೇಟು ಕೂರಿಸುವ ಒಂದು ಕಂಬವನ್ನೂ ಇನ್ನೂ ನೆಟ್ಟಿಲ್ಲ, ಆಗಲೇ ಮೋಡ ಕಂಡರೆ ಎದೆ ಧಸಕ್ಕೆನ್ನುತ್ತದೆ. ಮಳೆ ಬಂದರೆ ಊರವರು ಹಿಗ್ಗುತ್ತಾರೆ, ನಾನೊಬ್ಬಳೇ ಬಿಸಿಲು ಬೇಡುತ್ತೇನೆ.

ಅಳತೆಗೆ ಬಂದವನು, "ಹೊಲದಾಗ ಸಮಾಧಿ, ಗದ್ದಿಗಿ ಏನರ ಅದಾವೇನ್ರಿ?" ಅಂತ ಕೇಳಿದ. ಮಹಾಂತಪ್ಪ ನನ್ನ ಮುಖ ನೋಡಿದ. ಸಮಾಧಿ ಇದೆ ಅಂದರೆ ಕಂಪನಿಗೆ ಸಾಲ ಕೊಡುವ ಬ್ಯಾಂಕಿನವರು ಫೈಲು ಮಗುಚಿ ಇಡುತ್ತಾರೆ ಅಂತ ಯಾರೋ ಹೆದರಿಸಿದ್ದರು. ನಾನು, "ನಮ್ಮ ಅಪ್ಪಂದು ಒಂದ ಐತ್ರಿ, ಅದೂ ಬದುವಿನ ಆಚಿಕ" ಅಂದೆ. ಅವನು ಬರೆದುಕೊಂಡ. ಸಾಕ್ಷಿ ಅಂತ ನಾನೇ ಸಹಿ ಮಾಡಿದೆ. ಮಹಾಂತಪ್ಪನನ್ನು ಬಯ್ಯಬೇಡ, ಬಾಯಿ ಬಿಟ್ಟು ಸುಳ್ಳು ಹೇಳಿದವಳು ನಾನು.

ನೀನು ಫೋನ್ ಇಟ್ಟ ಮೇಲೆ ನೆಟ್ಟಗೆ ಹೊಲಕ್ಕೆ ಹೋದೆ. ಇಲ್ಲಿಯ ಕೆಲಸ ನೋಡುವವರು ಯಶೋಧಾ ಅಂತ ಇಂಜಿನಿಯರ್ ಬಾಯಾರು. ಅವರ ಮುಂದೆ ನಿಂತು ಎಲ್ಲ ಹೇಳಿದೆ. "ಮೊದಲ ಯಾಕ ಹೇಳಲಿಲ್ರಿ ಅಕ್ಕಾರ?" ಅಂದರು. ಆಮೇಲೆ, "ಅಲ್ಲಿ ಎರಡ ಕಂಬ ಹಾಕದ ಬಿಡತೇವಿ ತಗೋರಿ. ಎಲ್ಲಿ, ಕಲ್ಲ ತೋರಸ್ರಿ" ಅಂದರು. ತೋರಿಸಿದೆ. ಸುತ್ತಲೂ ಸುಣ್ಣದ ಗೆರೆ ಹಾಕಿಸಿ, ಚಪ್ಪಲಿ ದೂರ ಬಿಟ್ಟು ಬಂದು ಕಲ್ಲಿಗೆ ಕೈ ಮುಗಿದರು. ಮಹಾಂತಪ್ಪ ಮಾತ್ರ ಕೆಂಡವಾದ. "ಇಷ್ಟ ದಿನ ಬಾಯಾಗ ಏನ್ ಇಟ್ಕೊಂಡಿದ್ದಿ? ಬಿಟ್ಟ ಜಾಗದ ಲುಕ್ಸಾನ ನಿನ್ನ ಪಾಲಿನಾಗ ಮುರಕೋತಾರ, ನೋಡ್ತಿರು" ಅಂದ. ಮುರಿದುಕೊಳ್ಳಲಿ.

ಗುರುವಾರ ಕಂಬ ಹೊಡೆಯುವ ಯಂತ್ರ ಆ ಮೂಲೆಗೆ ಬರುತ್ತದೆ. ಕಲ್ಲಿಗೆ ಏನೂ ಆಗುವುದಿಲ್ಲ. ಸುತ್ತ ತಂತಿಯ ಜಾಳಿಗೆ ಹಾಕಿಸಿ, ನಿನಗೆ ಹೋಗಿ ಬರಲು ದಾರಿ ಬಿಡುತ್ತಾರಂತೆ. ಪಂಚಮಿಗೆ ಎಂದಿನಂತೆ ಬಾ, ಜೋಳದ ಅಳ್ಳು ಹುರಿದಿಡುತ್ತೇನೆ. ನನ್ನೊಡನೆ ಮಾತಾಡದಿದ್ದರೂ ಅಡ್ಡಿಯಿಲ್ಲ, ಹಾಲು ಎರೆದು ಹೋಗು. ನೀನು ಬಾರದಿದ್ದರೆ ತವರು ಬಿಡಿಸಿದವಳು ಅಂತ ಊರು ನನ್ನನ್ನೇ ಅನ್ನುತ್ತದೆ. ನೋಡು, ಇಲ್ಲೂ ನನ್ನದೇ ಚಿಂತೆ.

ಪಕ್ಕದ ಮನೆಯ ಲಗಮವ್ವ ಮೊಮ್ಮಗಳ ಮನೆಗೆ ಅಂತ ನಾಳೆ ನಿಮ್ಮ ಬೈಲಹೊಂಗಲಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಕಳಿಸುತ್ತೇನೆ. ಅವಳಿಗೆ ಓದು ಬರುವುದಿಲ್ಲ, ಹೆದರಬೇಡ.

ಬಯ್ದರೂ ನಿನ್ನವಳೇ ಆದ,
ದೇವಕ್ಕ

ತಾಜಾ ಕಲಂ: ಸಹಿ ಮಾಡಿ ಎದ್ದಿದ್ದೆ. ಮತ್ತೆ ಬಂದು ಕುಳಿತೆ. ಮೀನಾ, ಆ ಕಲ್ಲು ಅದಲ್ಲ.

ಅಪ್ಪ ಹೋದ ಮೂರನೇ ವರ್ಷ, ನಾನು ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗಿದ್ದ ದಿನ, ಬಾಡಿಗೆಯ ಟ್ರ್ಯಾಕ್ಟರಿನವನು ಗೊತ್ತಿಲ್ಲದೆ ಆ ಮೂಲೆಯನ್ನೂ ರಂಟೆ ಹೊಡೆದುಬಿಟ್ಟ. ಕಲ್ಲು ಕಿತ್ತು ಬದುವಿನ ರಾಶಿಯಲ್ಲಿ ಬೆರೆತು ಹೋಯಿತು. ಪಂಚಮಿ ಹತ್ತಿರವಿತ್ತು, ನೀನು ಬರುವವಳಿದ್ದೆ. ಹಳ್ಳದಿಂದ ಅಂಥದೇ ಒಂದು ಕಲ್ಲು ತಂದು, ವಿಭೂತಿ ಹಚ್ಚಿ, ಇಲ್ಲೇ ಇರಬೇಕು ಅನಿಸಿದಲ್ಲಿ ನಾನೇ ನೆಟ್ಟೆ. ನೀನು ಬಂದು ಅದಕ್ಕೆ ಹಣೆ ಹಚ್ಚಿ, "ಅಕ್ಕಾ, ನೀ ಇದ್ದದ್ದಕ್ಕ ಇದು ಉಳದೈತಿ" ಅಂದೆ. ಆಮೇಲೆ ನನಗೆ ಬಾಯಿ ಬರಲಿಲ್ಲ. ಒಂಬತ್ತು ಪಂಚಮಿ ನೀನು ಬರಿಯ ಮಣ್ಣಿಗೆ ಹಾಲು ಎರೆದಿದ್ದೀ. ಎರಡು ಕಂಬ ಬಿಟ್ಟದ್ದೂ ಅಲ್ಲಿಯೇ. ನಿಜವಾದ ಜಾಗ ಯಾವ ಕಂಬದ ಕೆಳಗೆ ಬರುತ್ತದೋ ನನಗೆ ಗೊತ್ತಿಲ್ಲ.

ಸಂಗಪ್ಪನವರಿಗೆ ಗೊತ್ತು. ಅವತ್ತು ಕೂಸನ್ನು ಮಣ್ಣು ಮಾಡಿ ಬಂದ ಸಂಜೆ ಕಾಲು ತೊಳೆದುಕೊಳ್ಳುತ್ತ, "ಬನ್ನಿ ಗಿಡದಿಂದ ಹದಿನೆಂಟ ಹೆಜ್ಜಿ, ನೆನಪ ಇಟ್ಕೋರಿ ಅಕ್ಕಾರ" ಅಂದಿದ್ದರು. ಹದಿನೆಂಟು ನೆನಪಿದೆ, ದಿಕ್ಕು ನೆನಪಿಲ್ಲ. ಪ್ಲೇಟಿಗೆ ನೆರಳಾಗುತ್ತದೆ ಅಂತ ಬನ್ನಿ ಗಿಡ ಕಡಿದಿದ್ದಾರೆ, ಬುಡ ಇನ್ನೂ ಇದೆ. ಅದನ್ನೂ ಗುರುವಾರ ಕೀಳುತ್ತಾರೆ. ಜಾಗ ಗೊತ್ತಾದರೆ ಬಾಯಾರ ಕಾಲು ಹಿಡಿದು ಆ ಗೆರೆ ಅಲ್ಲಿಗೆ ಹಾಕಿಸುತ್ತೇನೆ, ನನ್ನ ಪಾಲು ಪೂರ್ತಿ ಹೋದರೂ ಸರಿ.

ಈ ಪತ್ರ ಹರಿದು ಒಲೆಗೆ ಹಾಕು, ಮತ್ತೆ ನನ್ನ ಮುಖ ನೋಡಬೇಡ. ಆದರೆ ಅದಕ್ಕೆ ಮೊದಲು ಸಂಗಪ್ಪನವರನ್ನು ಸರಿಯಾಗಿ ಕೇಳಿ ಬುಧವಾರದೊಳಗೆ ಫೋನ್ ಮಾಡಿ ತಿಳಿಸು: ಗಿಡದಿಂದ ಹದಿನೆಂಟು ಹೆಜ್ಜೆ ಬಾವಿಯ ಕಡೆಗೋ, ಬದುವಿನ ಕಡೆಗೋ?