ಮಸೀದಿ ಹಿಂದಿನ ನಾಲ್ಕನೇ ಕೋಣೆ

೧೦ ಜನವರಿ, ಶುಕ್ರವಾರ. ಮಧ್ಯಾಹ್ನ ೩

ಇವತ್ತೂ ಜುಮ್ಮಾ ನಮಾಜು ಮುಗಿದ ಮೇಲೆ ಚಾದರ ಹಿಡಿದು ಬಾಗಿಲಲ್ಲಿ ನಿಂತೆ. ಗಾಜಾದ ನಿರಾಶ್ರಿತರಿಗೆ ಚಂದಾ. ಎಲ್ಲರೂ ಹಾಕಿದರು.

ಇವತ್ತಿನ ಪ್ರವಚನ, ಇಮಾಮ್ ಹಜರತರ ಬಯಾನ್, ಜೋರಾಗಿತ್ತು. ಪ್ರವಾದಿಯವರು ಮಕ್ಕಾ ಬಿಡುವಾಗ ತಿರುಗಿ ನೋಡಿ, ನನ್ನ ಜನ ಹೊರಹಾಕದಿದ್ದರೆ ನಾನು ನಿನ್ನನ್ನು ಬಿಡುತ್ತಿರಲಿಲ್ಲ ಅಂದರಂತೆ. ಆಮೇಲೆ ಸ್ಪೇನ್. ನಾನೂರು ವರ್ಷದ ಹಿಂದೆ ಅಲ್ಲಿಯ ಮುಸ್ಲಿಮರನ್ನು ಹಡಗಿಗೆ ತುಂಬಿ ಕಳಿಸಿದ್ದು, ಎಷ್ಟೋ ಮಕ್ಕಳನ್ನು ಕಿತ್ತುಕೊಂಡಿದ್ದು. ಕಮಿಟಿ ಸೆಕ್ರೆಟರಿ ಷರೀಫ್ ಸಾಹೇಬರು ಕರ್ಚೀಫಿನಲ್ಲಿ ಕಣ್ಣು ಒರೆಸಿಕೊಂಡರು. ನಿಜವಾದ ಕಣ್ಣೀರೇ. ಇಲ್ಲ ಅನ್ನುವುದಿಲ್ಲ.

ಅರ್ಧ ಗಂಟೆಯಲ್ಲಿ ಆಫೀಸಿಗೆ ಕರೆದರು. ಮಸೀದಿ ಹಿಂದಿನ ನಾಲ್ಕು ಬಾಡಿಗೆ ಕೋಣೆಗಳಿಗೆ ನೋಟಿಸ್ ಬರೆಯಬೇಕಂತೆ. ಖಾಲಿ ಮಾಡಿಸಿ ಕಾಂಪ್ಲೆಕ್ಸ್ ಕಟ್ಟುತ್ತಾರೆ. ಇವರಿಗೆಲ್ಲ ಕನ್ನಡ ಬರೆದುಕೊಡುವವನು ನಾನೊಬ್ಬನೇ — ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು!

ಬರೆದೆ. ಕಾಂಪ್ಲೆಕ್ಸಿನಲ್ಲಿ ಒಂದು ಅಂಗಡಿ ನನಗೆ ಅಂತ ಮಾತಾಗಿದೆ, ಜೆರಾಕ್ಸ್ ಇಡಲು. ನಮ್ಮ ಅಬ್ಬಾ ತಿಂಗಳುಗಟ್ಟಲೆ ಸಾಹೇಬರ ಹಿಂದೆ ತಿರುಗಿ ಒಪ್ಪಿಸಿದ್ದು. ಅಂಗಡಿ ನನಗೂ ಬೇಕು. ಸುಳ್ಳು ಯಾಕೆ ಬರೆಯಲಿ.

೧೨ ಜನವರಿ

ನೋಟಿಸ್ ಹಂಚಿದೆ. ಮೂರು ಮನೆಯವರು ಸುಮ್ಮನೆ ಮಡಚಿ ಇಟ್ಟುಕೊಂಡರು. ನಾಲ್ಕನೇ ಕೋಣೆಯ ಖೈರುನ್ ಖಾಲಾ, ನಮಗೆಲ್ಲ ಚಿಕ್ಕಮ್ಮನಂಥವಳು, ನನ್ನ ಕೈಯಲ್ಲೇ ಓದಿಸಿದಳು. ಗಂಡ ಸತ್ತ ಮೇಲೆ ಒಬ್ಬಳೇ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು ಊದುಬತ್ತಿ ಹೊಸೆಯುತ್ತಾಳೆ.

"ಯಾರು ಬರ್ದಿದ್ದು?"

"ನಾನೇ."

"ಅಕ್ಷರ ಚೆನ್ನಾಗದೆ."

ಬೈದಿದ್ದರೆ ವಾಸಿಯಿತ್ತು.

ಊರ ಹೊರಗೆ, ಹೂಟಗಳ್ಳಿ ಆಚೆ, ಕಮಿಟಿಯವರು ಒಂದು ಶೀಟಿನ ಮನೆ ತೋರಿಸಿದ್ದಾರಂತೆ. "ಅಷ್ಟು ದೂರ ಏಜೆಂಟು ಬತ್ತಿ ಮಸಾಲೆ ತಂದ್ಕೊಡಲ್ಲ ಕಣೋ. ಕೆಲ್ಸ ಇಲ್ದೆ ಗೋಡೆ ನೋಡ್ಕೊಂಡು ಕೂತ್ಕೊಳ್ಲಾ?" ಕೈ ಮಾತ್ರ ನಿಲ್ಲಲಿಲ್ಲ. ಕಡ್ಡಿ ಹೊಸೆಯುತ್ತಲೇ ಇತ್ತು.

೧೭ ಜನವರಿ, ಶುಕ್ರವಾರ

ಭಾನುವಾರ ಮಸೀದಿ ದರ್ಶನ. ಅಕ್ಕಪಕ್ಕದ ಎಲ್ಲ ಧರ್ಮದವರನ್ನೂ ಕರೆದು, ಒಳಗೆಲ್ಲ ತೋರಿಸಿ, ಟೀ ಕೊಡುವುದು. ನಾನು ಕುರ್‌ಆನಿನ ಒಂದು ಆಯತ್ ಕನ್ನಡದಲ್ಲಿ ಓದಬೇಕು. ಸಾಹೇಬರೇ ಆರಿಸಿ ಕೊಟ್ಟರು — ಅನ್ಯಾಯವಾಗಿ ಮನೆಗಳಿಂದ ಹೊರಹಾಕಲ್ಪಟ್ಟವರ ಬಗ್ಗೆ ಇರುವುದು.

ತಲೆ ಕೆಟ್ಟುಹೋಯಿತು. ಹಜರತ್ ಹತ್ತಿರ ಹೋಗಿ ನೆಟ್ಟಗೆ ಕೇಳಿದೆ: ನಮ್ಮನ್ನು ಹೊರಹಾಕಿದ್ದನ್ನೇ ಹೇಳುತ್ತೀರಿ. ಉಮರ್ ಖಲೀಫರ ಕಾಲದಲ್ಲಿ ಖೈಬರಿನ ಯಹೂದಿಗಳನ್ನು ನಾವೇ ಊರು ಬಿಡಿಸಿ ಕಳಿಸಲಿಲ್ಲವಾ?

ಬೈಯಲಿಲ್ಲ. "ಕಾರಣ ಹೇಳ್ತಾರೆ, ಕಿತಾಬುಗಳಲ್ಲಿದೆ" ಅಂದರು. "ಕಾರಣ ಹೇಳ್ದೆ ಯಾರೂ ಯಾರನ್ನೂ ಹೊರಗೆ ಹಾಕಿಲ್ಲ, ಬೇಟಾ."

ಆಮೇಲೆ ಕನ್ನಡ ಅನುವಾದ ತರಿಸಿ, ಎರಡನೇ ಅಧ್ಯಾಯದಲ್ಲಿ ಒಂದು ಪುಟ ತೆರೆದು ನನ್ನ ಮುಂದಿಟ್ಟು, ನಮಾಜಿಗೆ ಕೈಕಾಲು ತೊಳೆದು ವಜೂ ಮಾಡಲು ಎದ್ದುಹೋದರು. ಅವರ ಸಂಬಳ ಕಮಿಟಿಯದು. ಅವರಿಂದ ಅಷ್ಟೇ ಸಾಧ್ಯ. ನನಗೆ ಅದೂ ಸಿಟ್ಟು.

೧೯ ಜನವರಿ, ಭಾನುವಾರ

ಓದಿಬಿಟ್ಟೆ. ಸಾಹೇಬರು ಕೊಟ್ಟದ್ದು ಮುಗಿಸಿ, ನಿಲ್ಲಿಸದೆ ಹಜರತ್ ತೆರೆದಿಟ್ಟಿದ್ದ ಪುಟದ ಇದನ್ನೂ:

ನಿಮ್ಮವರನ್ನು ಅವರ ಮನೆಗಳಿಂದ ಹೊರಹಾಕಬಾರದೆಂದು ನಿಮ್ಮಿಂದ ಮಾತು ಪಡೆದೆವು. ನೀವು ಒಪ್ಪಿದಿರಿ. ಆದರೂ ನಿಮ್ಮಲ್ಲೇ ಒಂದು ಗುಂಪನ್ನು ಹೊರಹಾಕುತ್ತೀರಿ. ಅವರೇ ಸೆರೆಯಾಳಾಗಿ ಬಂದರೆ ಹಣ ಕೊಟ್ಟು ಬಿಡಿಸುತ್ತೀರಿ. ಹೊರಹಾಕಿದ್ದೇ ನಿಮಗೆ ನಿಷಿದ್ಧವಾಗಿತ್ತು...

ಚಪ್ಪಾಳೆ. ಮುಂದಿನ ಕುರ್ಚಿಯಲ್ಲಿ ಏಕಾಂತಯ್ಯ ಮೇಷ್ಟ್ರು, ಸ್ಕೂಲಿನಲ್ಲಿ ನನಗೆ ಕನ್ನಡ ಹೇಳಿಕೊಟ್ಟವರು.

"ಏನೋ ಮುಬೀನ, ಅವತ್ತು ಪರೀಕ್ಷೆ ಬಿಟ್ಟು ಓಡೋಗ್ಬುಟ್ಟೆ, ಈಗ ನೋಡಿದ್ರೆ ಮೌಲ್ವಿ ಆಗ್ಬುಟ್ಟಿದ್ದೀಯಲ್ಲ! ಯಾರನ್ನ ಕಣೋ ಹೊರಗೆ ಹಾಕ್ತಿರೋದು?"

"ಹಿಂದಿನ ಕೋಣೆಯವರನ್ನ, ಸಾರ್. ನಾವೇ."

ಮೈಕ್ ಆನ್ ಇತ್ತು. ಸಾಹೇಬರು ನಕ್ಕರು. "ಹುಡುಗ ತಮಾಷೆ ಮಾಡ್ತಾನೆ ಸಾರ್. ಬನ್ನಿ, ಟೀ ತಗೊಳ್ಳಿ."

ಮೇಷ್ಟ್ರು ಟೀ ತೆಗೆದುಕೊಂಡರು. ಎಲ್ಲರೂ ತೆಗೆದುಕೊಂಡರು.

೨೦ ಜನವರಿ

ಸಾಹೇಬರು: "ಆ ಆಯತ್ ಬನೀ ಇಸ್ರಾಯೀಲರಿಗೆ, ಯಹೂದಿಗಳಿಗೆ ಹೇಳಿದ್ದು."

"ಹಂಗಾದ್ರೆ ನಾವ್ಯಾಕೆ ಓದ್ತೀವಿ?"

ಸಾಹೇಬರು ಅಬ್ಬಾನನ್ನು ಕರೆಸಿದರು. ಮಗ ಕ್ಷಮೆ ಕೇಳಿದರೆ ಅಂಗಡಿ ಉಳಿಯುತ್ತದಂತೆ. ಅಬ್ಬಾ ಮನೆಗೆ ಬಂದು ಉಣ್ಣಲಿಲ್ಲ. ಒಂದು ಮಾತು ಬೈಯಲೂ ಇಲ್ಲ.

ಖಾಲಾ ಬೈದಳು. ಕೊನೆಗೂ. "ನಿನ್ನ ಯಾರು ಕೇಳಿದ್ರೋ? ಸಾಹೇಬ್ರ ಕಾಲು ಹಿಡ್ದು ರಂಜಾನ್ ಮುಗಿಯೋವರ್ಗೂ ಇರ್ತೀನಿ ಅಂತ ಒಪ್ಸಿದ್ದೆ. ಈಗ ಒಂದೇ ವಾರ ಅಂದವ್ರೆ. ನಿನ್ನ ನಿಜ ನಿಂಗೆ ಸಿಕ್ತು. ನನ್ನ ಕೋಣೆ?"

ನನಗೆ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. ಅವಳ ಪರವಾಗಿ ಅಷ್ಟು ಜನರ ಮುಂದೆ ಮಾತಾಡಿದೆ, ಅವಳನ್ನೇ ಒಂದು ಮಾತು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎರಡು ತಿಂಗಳಾದರೂ ಉಳಿಯುತ್ತಿತ್ತು. ಥೂ.

೨೭ ಜನವರಿ, ಸೋಮವಾರ. ಬೆಳಿಗ್ಗೆ ೯

ಮೂರು ಕೋಣೆ ಖಾಲಿಯಾಗಿವೆ. ಆರು ಗಂಟೆಯಿಂದ ಖಾಲಾನ ಹೊಸ್ತಿಲ ಮೇಲೆ ಕೂತಿದ್ದೇನೆ. ಈ ಸಲ ಕೇಳಿದೆ — ಕೂರಲಾ ಅಂತ.

"ಹೋಗೋ, ನಿಂದೊಂದು" ಅಂದಳು. ಸ್ವಲ್ಪ ಹೊತ್ತಿಗೆ ಮಣೆ ಪಕ್ಕಕ್ಕೆಳೆದು ಜಾಗ ಮಾಡಿದಳು. ಗಂಟು ಕಟ್ಟಿಲ್ಲ. ಹೊಸೆಯುತ್ತಿದ್ದಾಳೆ.

೯.೪೦

ಬಂದರು. ಸಾಹೇಬರು, ಇನ್ನೂ ನಾಲ್ವರು. ಹಜರತ್ ನಲ್ಲಿಯ ಹತ್ತಿರವೇ ನಿಂತುಬಿಟ್ಟರು. ಎಲ್ಲರ ಹಿಂದೆ ಅಬ್ಬಾ. ಬೀಗ ಅವರ ಕೈಯಲ್ಲಿ ಕೊಟ್ಟಿದ್ದಾರೆ. ಬೇಕೆಂದೇ.

ನಾನು ಬರೆಯುತ್ತಲೇ ಇದ್ದೇನೆ. ತಲೆ ಎತ್ತಿದರೆ ಅವರ ಮುಖ ನೋಡಬೇಕಾಗುತ್ತದೆ.

"ಏಳು" ಅಂದರು ಅಬ್ಬಾ. ಮೆಲ್ಲಗೆ.

ಅಂಗಡಿ ಬೇಡ ಅಂತ ಅವರಿಗೆ ಇನ್ನೂ ಹೇಳಿಲ್ಲ. ಈಗ, ಇವರೆಲ್ಲರ ಎದುರಿಗೆ ಹೇಳಬೇಕು. ಪುಸ್ತಕ ಮುಚ್ಚಿ ಹೇಳುತ್ತೇನೆ, ಕೂತಲ್ಲಿಂದಲೇ.